ಮಳೆಯ ಜೂಜಿಗೆ ಎರಡು ಅಂಕ

ಎಸ್ಸೆಸ್ಸೆಲ್ಸಿ ಬರೆದವರಿಗೆಲ್ಲ ಈ ಪ್ರಶ್ನೆ ಗೊತ್ತು: ‘ಭಾರತದ ವ್ಯವಸಾಯ ಮಾನ್ಸೂನ್ ಮಾರುತಗಳೊಡನೆ ಆಡುವ ಜೂಜಾಟ. ಏಕೆ?’ ಎರಡು ಅಂಕ, ನಾಲ್ಕು ಪಾಯಿಂಟು, ಪಾಯಿಂಟಿಗೆ ಅರ್ಧ. ಚಳ್ಳಕೆರೆ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರ ಪುನರಾವರ್ತನೆ ತರಗತಿಯಲ್ಲಿ ಮೊನ್ನೆ ಇದಕ್ಕೆ ಸಿಕ್ಕ ಉತ್ತರ ಇನ್ನೂ ತಲೆಯಲ್ಲಿ ಸುತ್ತುತ್ತಿದೆ.

ಮೊದಲು ಎದ್ದ ಹುಡುಗ ಗೈಡಿನಲ್ಲಿದ್ದದ್ದನ್ನು ಒಪ್ಪಿಸಿದ. ಮಳೆ ಬಾರದಿದ್ದರೆ ಬರ, ಹೆಚ್ಚಾದರೆ ಪ್ರವಾಹ. ಹಿಂದಿನ ಬೆಂಚಿನ ಹುಡುಗಿಗೆ ಅದು ಸಾಲಲಿಲ್ಲ. “ನಮ್ಮೂರಾಗೆ ಮಳೆ ಬಂತು ಸರ್. ಶೇಂಗಾ ಹೂವಿಗೆ ಬಂದಾಗ ಕೈ ಕೊಡ್ತು. ಅಪ್ಪ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ್ರು.”

ಮೇಷ್ಟ್ರು ಅವಳ ಮಾತನ್ನೇ ಒಡೆದು ಬೋರ್ಡಿನ ಮೇಲೆ ಸಾಲಾಗಿ ಬರೆದರು: ಮಳೆಯ ಅಕಾಲಿಕ ಹಂಚಿಕೆ, ಆದ್ದರಿಂದ ಇಳುವರಿ ಕುಸಿತ, ಆದ್ದರಿಂದ ವಲಸೆ. ಅಪ್ಪ ಮಾಯವಾದರು, ಅಂಕ ಬಂತು. ನನಗೆ ಕೊಂಚ ಕಸಿವಿಸಿಯಾದರೂ ಆ ಎರಡು ‘ಆದ್ದರಿಂದ’ಗಳಿಗೆ ಮೇಷ್ಟ್ರನ್ನು ಮೆಚ್ಚಲೇಬೇಕು. ಹವಾಮಾನದ ಉತ್ತರಗಳಲ್ಲಿ ಮಕ್ಕಳು ಮಳೆಯನ್ನೂ ಬರೆಯುತ್ತಾರೆ, ಬಡತನವನ್ನೂ ಬರೆಯುತ್ತಾರೆ. ನಡುವಿನ ದಾರಿ ಬಿಟ್ಟುಹೋಗಿರುತ್ತದೆ.

ಶೇಂಗಾ ಹೂ ಬಿಡುವುದು ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆ ಕೆಳಕ್ಕಿಳಿದು ಮಣ್ಣು ಹೊಗಬೇಕು. ಆಗ ಹದವಿಲ್ಲದೆ ಕೆಂಪು ನೆಲ ಬಿರುಸಾಗಿದ್ದರೆ ಎಳೆ ಮೇಲೇ ಒಣಗುತ್ತದೆ. ವರ್ಷದ ಮಳೆ ಲೆಕ್ಕದಲ್ಲಿ ಸರಿಯಿದ್ದೂ ಬುಟ್ಟಿ ಖಾಲಿ.

ಜೂಜಿನ ಮಾತು ಹಳೆಯದು. ಭಾರತದ ಬಜೆಟ್ಟೇ ಮಳೆಯ ಮೇಲಿನ ಜೂಜು ಎಂಬ ಮಾತು ಬ್ರಿಟಿಷರ ಕಾಲದ ಹಣಕಾಸು ಸದಸ್ಯ ಗೈ ಫ್ಲೀಟ್‌ವುಡ್ ವಿಲ್ಸನ್ ಹೆಸರಿನಲ್ಲಿ ಪ್ರಚಾರದಲ್ಲಿದೆ. ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ಮೈಸೂರು ಸೀಮೆಗೆ ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಡಿಯಿತು.

ತರಗತಿಯಲ್ಲಿ ನನಗೆ ಹೆಚ್ಚು ಮೋಜೆನಿಸಿದ್ದು ಬೇರೆ. ಒಣಭೂಮಿಯ ಈ ಮಕ್ಕಳಿಗೆ ‘ಕಾಫಿ ಹೂಮಳೆ’ ಬಾಯಿಪಾಠ! ಬಂಗಾಳದ ಕಾಲಬೈಸಾಖಿ, ಕೇರಳದ ಮಾವಿನ ಹೊಯ್ಲಿನ ಜೊತೆಗೆ ಪಠ್ಯದಲ್ಲಿ ಅದಕ್ಕೆ ಒಂದೇ ಸಾಲು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಮಾತ್ರ ಅದು ಇಡೀ ವರ್ಷದ ಬಾಳು. ತಿಂಗಳುಗಟ್ಟಲೆ ಮಲಗಿದ್ದ ಮೊಗ್ಗು ಫೆಬ್ರವರಿ–ಮಾರ್ಚಿನ ಒಂದು ಒಳ್ಳೆಯ ಮಳೆಗೆ ಎಚ್ಚೆತ್ತು, ಸುಮಾರು ಹತ್ತು ದಿನಕ್ಕೆ ಗಿಡವೆಲ್ಲ ಬಿಳಿ. ಹೂ ಅರಳಿದ ದಿನವೇ ಮತ್ತೆ ಮಳೆ ಹೊಯ್ದರೆ ಪರಾಗ ಹಾಳು. ಕೆಲವು ವಾರ ಬಿಟ್ಟು ಇನ್ನೊಂದು ಮಳೆ ಬೇಕೇ ಬೇಕು. ತೋಟದವರು ಬ್ಯಾಕಿಂಗ್ ಶವರ್ ಎನ್ನುವುದು ಅದನ್ನೇ. ಅದು ತಪ್ಪಿದರೆ ಕಟ್ಟಿದ ಕಾಯಿ ನಿಲ್ಲುವುದಿಲ್ಲ. ಚಳ್ಳಕೆರೆಯ ಶೇಂಗಾದ ಕಥೆಯೂ ಇದೇ: ಎಷ್ಟು ಬಂತು ಎಂಬುದಕ್ಕಿಂತ ಯಾವಾಗ ಬಂತು ಎಂಬುದು ದೊಡ್ಡದು.

ವ್ಯತ್ಯಾಸ ಒಂದೇ. ರೊಬಸ್ಟಾ ತೋಟಗಳಲ್ಲಿ ಕೆರೆ, ಪಂಪು, ಸ್ಪ್ರಿಂಕ್ಲರ್ ಇದ್ದವರು ಹೂಮಳೆಯನ್ನು ತಾವೇ ಸುರಿಸಿಕೊಳ್ಳುತ್ತಾರೆ. ಆ ಹುಡುಗಿಯ ಹೊಲದಂಥ ಖುಷ್ಕಿ ಜಮೀನಿಗೆ ಅದಿಲ್ಲ. ಗೈಡುಗಳು ನೀರಾವರಿಯನ್ನು ‘ಪರಿಹಾರ’ದ ಕೆಳಗೆ ಹಾಕುತ್ತವೆ. ನನ್ನ ಕೈಗೆ ಕೀ ಉತ್ತರ ಕೊಟ್ಟರೆ ಅದನ್ನು ಕಾರಣಗಳ ಪಟ್ಟಿಗೇ ಏರಿಸುತ್ತೇನೆ: ನೀರಿಲ್ಲದವನೇ ಜೂಜಾಡುವುದು. ಅರ್ಧವಲ್ಲ, ಪೂರ್ತಿ ಒಂದು ಅಂಕ.