ಲೆಕ್ಕ ಕೈ ಬದಲಾಗುವ ಮುನ್ನ

ಹೊಸನಗರ ತಾಲ್ಲೂಕಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದ ಕಚೇರಿಯಲ್ಲಿ, ಗೊಬ್ಬರದ ಚೀಲಗಳಿಗೂ ಪಡಿತರದ ತಕ್ಕಡಿಗೂ ನಡುವೆ ಉಳಿದ ಅಲ್ಪಾವಕಾಶದಲ್ಲಿ ಮೇಜೊಂದನ್ನು ಹಾಕಿಕೊಂಡು, ಲೆಕ್ಕ ಬರೆಯುವ ತರುಣಿ ಸದಸ್ಯರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತ, ವಯೋವೃದ್ಧರಾದ ಕಾರ್ಯದರ್ಶಿಗಳು ಹಳೆಯ ಷೇರು ಲೆಡ್ಜರಿನಲ್ಲಿ ಬೆರಳಿಟ್ಟು ಅವನ್ನು ತಾಳೆ ನೋಡುತ್ತ ಕುಳಿತಿದ್ದುದನ್ನು ಕಂಡಾಗ ನನಗಾದ ಸಂತೋಷ ಇನ್ನೂ ಆರಿಲ್ಲ. ಅನೇಕ ವರ್ಷಗಳಿಂದ ಸಂಘದ ಗಣಕಯಂತ್ರಗಳನ್ನೂ ಅವುಗಳೊಳಗಿನ ತಂತ್ರಾಂಶವನ್ನೂ ನೋಡಿಕೊಳ್ಳುತ್ತಿದ್ದ ಖಾಸಗಿ ಸಂಸ್ಥೆಯು ನಿರ್ಗಮಿಸಿ, ಆ ಹೊಣೆ ಬೇರೆಯವರ ಕೈಗೆ ಹೋಗುವುದರಲ್ಲಿದ್ದಿತು. "ಕಂಪ್ಯೂಟರ್ ಹಾಳಾದ್ರೆ ಇನ್ನೊಂದು ತರಬಹುದು ಮಾರಾಯ್ರೆ, ಜನರ ಲೆಕ್ಕ ಹಾಳಾದ್ರೆ ಯಾವ ಅಂಗಡೀಲಿ ಸಿಗ್ತದೆ?" ಎಂದು ಕೇಳಿದ ಕಾರ್ಯದರ್ಶಿಗಳು ಉತ್ತರಕ್ಕೆ ಕಾಯದೆ ಮುಂದಿನ ಹೆಸರಿಗೆ ಹೋದರು.

ಈ ಸ್ಥಿತ್ಯಂತರ ಆ ಒಂದು ಸಂಘದ ಪಾಲಿಗೆ ಮಾತ್ರ ಬಂದದ್ದಲ್ಲ. 2022ರ ಜೂನ್ 29ರಂದು ಕೇಂದ್ರ ಸರ್ಕಾರವು 2,516 ಕೋಟಿ ರೂಪಾಯಿಗಳ ವೆಚ್ಚದಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಿ, ನಬಾರ್ಡಿನ ಉಸ್ತುವಾರಿಯಲ್ಲಿ ಒಂದೇ ರಾಷ್ಟ್ರೀಯ ತಂತ್ರಾಂಶಕ್ಕೆ ಸೇರಿಸುವ ಯೋಜನೆಗೆ ಅನುಮೋದನೆಯಿತ್ತಿತು. ಕಾಗದದಿಂದ ನೇರವಾಗಿ ಹೊಸ ವ್ಯವಸ್ಥೆಗೆ ಹಾರುವ ಸಂಘಗಳಿಗಿಂತ, ಮೊದಲೇ ಯಾವುದೋ ತಂತ್ರಾಂಶಕ್ಕೆ ಒಗ್ಗಿಹೋದ ಸಂಘಗಳ ಕಷ್ಟವೇ ಹೆಚ್ಚಿನದು. ಏಕೆಂದರೆ ಅವುಗಳ ಲೆಕ್ಕವು ಅವುಗಳದೇ ಆಗಿದ್ದರೂ ಅದರ ಬೀಗದ ಕೈ ಅನ್ಯರ ಬಳಿ ಇರುತ್ತದೆ.

ಮಲೆನಾಡಿಗೆ ಲೆಕ್ಕದ ಶಿಸ್ತು ಹೊಸತಲ್ಲ. ಕೆಳದಿಯ ಶಿವಪ್ಪನಾಯಕನ ಭೂಕಂದಾಯ ವ್ಯವಸ್ಥೆಗೆ 'ಶಿಸ್ತು' ಎಂಬುದೇ ಹೆಸರಾಯಿತೆಂಬುದನ್ನು ಇಲ್ಲಿನ ಓದುಗರಿಗೆ ಹೇಳಬೇಕಾಗಿಲ್ಲ. ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಬರೆಯುತ್ತಿದ್ದ ಶಾನುಭೋಗರ ವಂಶಪಾರಂಪರ್ಯದ ಅಧಿಕಾರವು 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ ಕೊನೆಗೊಂಡು ಸಂಬಳದ ಗ್ರಾಮಲೆಕ್ಕಿಗರು ಬಂದಾಗಲೂ, ದಫ್ತರು ಯಾರದು, ಅದನ್ನು ಓದಬಲ್ಲವರು ಯಾರು ಎಂಬ ಪ್ರಶ್ನೆಯೇ ಎದುರಾಗಿದ್ದಿತು.

ನನ್ನನ್ನು ಬಹುಕಾಲ ಆ ಮೇಜಿನ ಬಳಿ ನಿಲ್ಲಿಸಿದ್ದು ಅರ್ಕಾವೊತ್ತು. ಪರೀಕ್ಷಾರ್ಥವಾಗಿ ಹೊಸ ತಂತ್ರಾಂಶಕ್ಕೆ ಸಾಗಿಸಿದ ಪಟ್ಟಿಯಲ್ಲಿ ಪಾರ್ವತಮ್ಮನವರು 'ಪಾವರ್ತಮ್ಮ'ನಾಗಿದ್ದರು, ಅರ್ಜುನನು 'ಅಜುರ್ನ'ನಾಗಿದ್ದನು, ವಿಳಾಸದ ಅಂಕಣದಲ್ಲಿ ತೀರ್ಥಹಳ್ಳಿಯು 'ತೀಥರ್ಹಳ್ಳಿ'ಯಾಗಿ ನಿಂತಿದ್ದಿತು. ಸಾಗರಕ್ಕಾಗಲಿ ಹೊಸನಗರಕ್ಕಾಗಲಿ ಒತ್ತಕ್ಷರವೇ ಇಲ್ಲದುದರಿಂದ ಅವೆರಡೂ ಅಕ್ಷತವಾಗಿ ಪಾರಾಗಿದ್ದವು. ಈ ಸ್ಥಾನಪಲ್ಲಟದ ಕಾರಣ ಸ್ವಾರಸ್ಯಕರವಾದುದು. ಹಳೆಯ ಕನ್ನಡ ಅಕ್ಷರವಿನ್ಯಾಸಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ, ಕಣ್ಣಿಗೆ ಕಾಣುವ ಅನುಕ್ರಮದಲ್ಲಿಯೇ ಶೇಖರಿಸುತ್ತಿದ್ದರು. ಅಂದರೆ 'ರ್ಥ' ಎಂಬಲ್ಲಿ ಮೊದಲು 'ಥ', ಅನಂತರ ಅರ್ಕಾವೊತ್ತು. 1991ರಲ್ಲಿ ಪ್ರಕಟವಾದ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನ ಕೊಟ್ಟಿರುವ ಯುನಿಕೋಡ್ ಉಚ್ಚಾರಣೆಯ ಅನುಕ್ರಮವನ್ನು ಪಾಲಿಸುತ್ತದೆ; ಅಲ್ಲಿ ರೇಫೆ ಮೊದಲು, ಥಕಾರ ಅನಂತರ. ಈ ಭೇದವನ್ನರಿಯದ ಪರಿವರ್ತಕವು ಅರ್ಕಾವೊತ್ತನ್ನು ಇದ್ದಲ್ಲಿಯೇ ರೇಫೆಯಾಗಿ ಮಾಡಿದರೆ ಅದು ಹಿಂದಿನ ಅಕ್ಷರವನ್ನು ಬಿಟ್ಟು ಮುಂದಿನದರ ಹೆಗಲೇರುತ್ತದೆ, ನಮ್ಮ ನಾಡು 'ಕನಾರ್ಟಕ'ವಾಗಿ ಹೋಗುತ್ತದೆ. ಇದು ಸಾಲದೆಂಬಂತೆ, ಯುನಿಕೋಡಿನಲ್ಲಿಯೂ ರಕಾರದ ಕೆಳಗೆ ಒತ್ತು ಬರುವಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುವುದುಂಟು. ಓದುವವನಿಗೆ ಎರಡೂ ಒಂದೇ ಹೆಸರು, ಹುಡುಕುವ ಯಂತ್ರಕ್ಕೆ ಇಬ್ಬರು ಬೇರೆ ವ್ಯಕ್ತಿಗಳು. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಸಂಘದ ಖಾತೆಯಲ್ಲಿ ಮೂರನೆಯದೆಂದಾದರೆ ಬೆಳೆಸಾಲ ಕೇಳಲು ಬಂದ ಮುದುಕಿ ತಾನು ತಾನೇ ಎಂದು ಸಾಬೀತುಪಡಿಸಲು ಎಷ್ಟು ಕಚೇರಿಗಳನ್ನು ಹತ್ತಿಳಿಯಬೇಕು! ಆದುದರಿಂದಲೇ ಆ ಸಂಘದವರು ಪರಿವರ್ತಿತ ಪಟ್ಟಿಯನ್ನು ಮುದ್ರಿಸಿ ಹೊರಗಿನ ಫಲಕಕ್ಕೆ ಅಂಟಿಸಿ, ಸದಸ್ಯರೇ ಬಂದು ತಮ್ಮ ತಮ್ಮ ಹೆಸರನ್ನು ನೋಡಿ ತಿದ್ದಿಸಿಕೊಳ್ಳುವಂತೆ ಮಾಡಿದ್ದರು. ಸಹಕಾರ ತತ್ತ್ವಕ್ಕೆ ಇದಕ್ಕಿಂತ ಒಪ್ಪುವ ಪರಿಶೋಧನೆಯನ್ನು ನಾನು ಊಹಿಸಲಾರೆ.

ಉಳಿದ ಸಿದ್ಧತೆಯಲ್ಲಿ ಕ್ರಮವೇ ಮುಖ್ಯ. ಹಳೆಯವರಿಗೆ ಒಪ್ಪಂದ ಮುಗಿಯುತ್ತದೆಂಬ ಪತ್ರವನ್ನು ಬರೆಯುವುದಕ್ಕೆ ಮೊದಲೇ, ಯಾವ ಯಂತ್ರ ಎಲ್ಲಿದೆ, ಯಾವ ತಂತ್ರಾಂಶದ ಪರವಾನಗಿ ಯಾರ ಹೆಸರಿನಲ್ಲಿದೆ, ಜಾಲತಾಣದ ಹೆಸರನ್ನೂ ಇಮೇಲನ್ನೂ ನೋಂದಾಯಿಸಿದವರು ಯಾರು, ಮುಖ್ಯ ಪಾಸ್‌ವರ್ಡ್ ಯಾರ ಸ್ಮೃತಿಯಲ್ಲಿದೆ ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಸಾಗರದ ವ್ಯಾಪಾರಸ್ಥರೊಬ್ಬರ ಅಂಗಡಿಯಲ್ಲಿ ಈ ಎಲ್ಲವೂ ಕೆಲಸ ಬಿಟ್ಟುಹೋಗುತ್ತಿದ್ದ ಹುಡುಗನ ಸ್ವಂತ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿದ್ದುದು ಬಿಲ್ಲು ಹೊರಡಿಸಲಾಗದೆ ನಿಂತ ದಿನವೇ ಬೆಳಕಿಗೆ ಬಂದಿತು. ಅನಂತರ ದತ್ತಾಂಶದ ಪೂರ್ಣ ಪ್ರತಿಯನ್ನು ಬೇರೆ ತಂತ್ರಾಂಶಗಳೂ ಓದಬಲ್ಲ ರೂಪದಲ್ಲಿ ಪಡೆದು, ಅದು ನಿಜವಾಗಿ ತೆರೆಯುತ್ತದೆಯೇ ಎಂದು ಬೇರೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ಹಳೆಯ ಸಂಕವನ್ನು ಕೀಳುವ ಮುನ್ನ ಹೊಸ ಸಂಕದ ಮೇಲೆ ಹೊರೆ ಹೊತ್ತು ನಡೆದು ನೋಡುವಂತೆ, ಒಂದು ತಿಂಗಳಾದರೂ ಎರಡೂ ಕಡೆ ಕಿರ್ದಿ ಬರೆದು ಸಂಜೆಯ ನಗದು ಶಿಲ್ಕನ್ನು ಹೋಲಿಸಬೇಕು. ಹಳಬರ ಬಾಕಿಯನ್ನು ಸಲ್ಲಿಸಿ, ಹಸ್ತಾಂತರ ಪತ್ರಕ್ಕೆ ಸಹಿ ಪಡೆದು, ಕಡೆಯಲ್ಲಿ ಅವರ ಪ್ರವೇಶಾಧಿಕಾರವನ್ನು ಅದೇ ದಿನ ರದ್ದುಪಡಿಸಬೇಕು. ಜಗಳವಾಡಿ ಕಳುಹಿಸಿದವರಿಗೆ ಮರುದಿನ ಸಂದೇಹ ಕೇಳುವ ದಾರಿಯೂ ಇರುವುದಿಲ್ಲ.

ಪರಾವಲಂಬನೆಯ ಬೆಲೆ ಎಷ್ಟೆಂಬುದು 2024ರ ಜುಲೈ ಕೊನೆಯಲ್ಲಿ ತಿಳಿಯಿತು. ತಾಂತ್ರಿಕ ಸೇವೆ ಒದಗಿಸುತ್ತಿದ್ದ ಒಂದೇ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ಸ್ಥಗಿತಗೊಂಡಿತು; ಸಹಕಾರಿ ಬ್ಯಾಂಕುಗಳೂ ಗ್ರಾಮೀಣ ಬ್ಯಾಂಕುಗಳೂ ಅದರಲ್ಲಿದ್ದವು.

ಕಾಲನಿರ್ಣಯದಲ್ಲಿ ಹೊಸನಗರದ ಆ ಸಂಘದವರು ತೋರಿದ ವಿವೇಕವನ್ನು ದೂರದ ನಗರದಲ್ಲಿ ಕುಳಿತು ವೇಳಾಪಟ್ಟಿ ರಚಿಸುವವರು ಗಮನಿಸಬೇಕು. ಅಡಕೆಯ ಕೊನೆಕೊಯ್ಲು ನಡೆದು ಮಂಡಿಗೆ ಚೀಲಗಳು ಸಾಗುವ ತಿಂಗಳುಗಳಲ್ಲಿ ಯಾರಿಗೂ ಪುರಸೊತ್ತಿಲ್ಲ. ಮಾರ್ಚ್ 31ರ ಒಳಗೆ ಸಾಲ ವಸೂಲಿಯ ನೂಕುನುಗ್ಗಲು. ಆಷಾಢದಲ್ಲಿ ಮರ ಬಿದ್ದು ತಂತಿ ಹರಿದರೆ ವಿದ್ಯುತ್ತೂ ಅಂತರ್ಜಾಲವೂ ಎಂದು ಮರಳುವುವೆಂದು ಹೇಳಬಲ್ಲವರಿಲ್ಲ. ವರ್ಷಾಂತ್ಯದ ಶಿಲ್ಕುಗಳು ಇತ್ಯರ್ಥವಾಗಿ, ಮಳೆ ಇನ್ನೂ ಹಿಡಿಯದಿರುವ ಏಪ್ರಿಲ್ ಉತ್ತರಾರ್ಧವನ್ನು ಅವರು ಆರಿಸಿಕೊಂಡಿದ್ದರು. ಹೊಸ ಒಪ್ಪಂದದ ಕರಡಿನಲ್ಲಿ ದೂರವಾಣಿಯ ಮೂಲಕ ಸಹಾಯ ಎಂದಿದ್ದ ಸಾಲನ್ನು ಹೊಡೆದುಹಾಕಿ, ಯಂತ್ರ ನಿಂತ ಮರುದಿನದೊಳಗೆ ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ಒಬ್ಬ ಮನುಷ್ಯನು ಸಂಘದ ಬಾಗಿಲಿಗೆ ಬರತಕ್ಕದ್ದು ಎಂದು ಕಾರ್ಯದರ್ಶಿಗಳು ಸ್ವಹಸ್ತದಿಂದ ಬರೆದಿದ್ದರು. ಹೊಸಬರು ಅದಕ್ಕೆ ಇನ್ನೂ ಸಹಿ ಹಾಕಿರಲಿಲ್ಲ. ಹಾಕುವವರೆಗೆ ಹಳಬರನ್ನು ಬಿಡಕೂಡದೆಂದು ಆಡಳಿತ ಮಂಡಳಿ ಠರಾವು ಮಾಡಿದ್ದಿತು.