ಸೂಜಿಗೆ ಮುಂಚಿನ ಮಾತು

ಬೀದರ್, ಜಹೀರಾಬಾದ್ ಕಡೆಯಿಂದ ಹೈದರಾಬಾದಿಗೆ ಹೋಗುವ ಬಸ್ಸು ನಗರ ಮುಟ್ಟುವ ಮೊದಲು ಪಟಾನ್‌ಚೆರು ದಾಟುತ್ತದೆ. ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಗೂ ಕಾರ್ಖಾನೆಗಳಿಗೂ ಹೆಸರಾದ ಊರು ಅದು. ಗರ್ಭನಿರೋಧಕ ಚುಚ್ಚುಮದ್ದು ನಮ್ಮ ದೇಶದಲ್ಲಿ ನಡೆದು ಬಂದ ದಾರಿಯಲ್ಲೂ ಈ ಊರಿನ ಹೆಸರಿದೆ.

1985ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಎರಡು ತಿಂಗಳಿಗೊಮ್ಮೆ ಕೊಡುವ ‘ನೆಟ್-ಎನ್’ ಎಂಬ ಹಾರ್ಮೋನ್ ಇಂಜೆಕ್ಷನ್ನಿನ ಪ್ರಯೋಗ ನಡೆಸುತ್ತಿತ್ತು. ಪಟಾನ್‌ಚೆರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅದಕ್ಕಾಗಿ ಬಡ ಹೆಂಗಸರನ್ನು ಸೇರಿಸಿದ್ದರು. ಸುದ್ದಿ ತಿಳಿದ ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯ ಮಹಿಳೆಯರು ಅಲ್ಲಿಗೆ ಹೋಗಿ ವಿಚಾರಿಸಿದರು. ಮಕ್ಕಳಾಗದ ಹಾಗೆ ಮಾಡುವ ಸೂಜಿ ಎಂಬುದಷ್ಟೇ ಸೂಜಿಗೆಂದು ಬಂದವರಿಗೆ ಗೊತ್ತಿತ್ತು. ಇದೊಂದು ಪ್ರಯೋಗ ಎಂದಾಗಲಿ, ಇದರಿಂದ ಮುಟ್ಟು ಏರುಪೇರಾಗುತ್ತದೆ ಎಂದಾಗಲಿ ಯಾರೂ ಅವರಿಗೆ ಹೇಳಿರಲಿಲ್ಲ. ವಿಷಯ ಬಿಡಿಸಿ ಹೇಳಿದಾಗ ಹಲವರು ಹಿಂದೆ ಸರಿದರು.

ಮರುವರ್ಷ, ಅಂದರೆ 1986ರಲ್ಲಿ, ಸ್ತ್ರೀಶಕ್ತಿ ಸಂಘಟನೆ, ದೆಹಲಿಯ ಸಹೇಲಿ ಎಂಬ ಮಹಿಳಾ ಗುಂಪು ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ಮುಗಿದದ್ದು 2000ದಲ್ಲಿ. ನೆಟ್-ಎನ್ ಅನ್ನು ಕುಟುಂಬ ಯೋಜನೆಯಲ್ಲಿ ಸಾಮೂಹಿಕವಾಗಿ ಬಳಸುವುದು ಸೂಕ್ತವಲ್ಲ, ಸಮಾಲೋಚನೆ ಮತ್ತು ಮುಂದಿನ ತಪಾಸಣೆಗೆ ಅನುಕೂಲವಿರುವ ಕಡೆ ಮಾತ್ರ ಕೊಡಬಹುದು ಎಂದು ಸರ್ಕಾರ ಒಪ್ಪಿಕೊಂಡಿತು. ಆ ಹೆಂಗಸರ ಹಟ ನ್ಯಾಯವಾದದ್ದೆಂದೇ ನಾನು ನಂಬಿದ್ದೇನೆ. ಅದು ಏಕೆಂದು ತಿಳಿಯಲು ಈ ಮದ್ದು ಒಳಗೆ ಮಾಡುವ ಕೆಲಸವನ್ನು ನೋಡಬೇಕು.

ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ‘ಅಂತರಾ’ ನೆಟ್-ಎನ್ ಅಲ್ಲ, ಅದರ ಬಳಗಕ್ಕೇ ಸೇರಿದ ಡಿಎಂಪಿಎ ಎಂಬ ಔಷಧ. ತೋಳಿಗೋ ಪಿರ್ರೆಗೋ 150 ಮಿಲಿಗ್ರಾಂ, ಮೂರು ತಿಂಗಳಿಗೊಮ್ಮೆ. ಪ್ರತಿ ತಿಂಗಳು ಅಂಡ ಬಿಡುಗಡೆಯಾದ ಮೇಲೆ ಹೆಣ್ಣಿನ ದೇಹ ತಾನೇ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ತಯಾರಿಸುತ್ತದೆ. ರಕ್ತದಲ್ಲಿ ಅದರ ಮಟ್ಟ ಏರಿರುವಷ್ಟು ದಿನ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಇನ್ನೊಂದು ಅಂಡವನ್ನು ಬಿಡು ಎಂದು ಅಂಡಾಶಯಕ್ಕೆ ಹೇಳುವುದಿಲ್ಲ. ಡಿಎಂಪಿಎ ಈ ಹಾರ್ಮೋನಿನಂತೆಯೇ ವರ್ತಿಸುವ ಔಷಧ. ಅದರ ಸಣ್ಣ ಹರಳುಗಳು ಸ್ನಾಯುವಿನೊಳಗೆ ಉಳಿದು, ವಾರಗಟ್ಟಲೆ ನಿಧಾನವಾಗಿ ಕರಗುತ್ತವೆ. ಅಂಡ ಬಿಡುಗಡೆಯಾಗುವುದಿಲ್ಲ. ಗರ್ಭಕೋಶದ ಬಾಯಿಯ ಲೋಳೆ ಗಟ್ಟಿಯಾಗಿ ವೀರ್ಯಾಣುಗಳಿಗೆ ದಾರಿ ಸಿಗುವುದಿಲ್ಲ. ಗರ್ಭಕೋಶದ ಒಳಪದರವೂ ತೆಳುವಾಗುತ್ತದೆ. ಚುಚ್ಚಿದ ಜಾಗವನ್ನು ತಿಕ್ಕಬಾರದು, ಶಾಖ ಕೊಡಬಾರದು ಎಂದು ನರ್ಸ್ ಹೇಳುವುದು ಆ ಹರಳುಗಳು ಬೇಗ ಕರಗಿಹೋಗದಿರಲೆಂದು.

ಮಾತ್ರೆ ಒಗ್ಗದಿದ್ದರೆ ನಾಳೆಯೇ ಬಿಡಬಹುದು. ಕಾಪರ್-ಟಿ ಬೇಡವೆನಿಸಿದರೆ ತೆಗೆಸಬಹುದು. ಸ್ನಾಯುವಿಗೆ ಸೇರಿದ ಮದ್ದನ್ನು ಹೊರಗೆ ತೆಗೆಯಲು ಬರುವುದಿಲ್ಲ. ಏನೇ ತೊಂದರೆಯಾದರೂ ಅದರ ಪ್ರಭಾವ ಇಳಿಯುವ ತನಕ ಕಾಯಬೇಕು. ಸೂಜಿ ಚುಚ್ಚಿದ ಮೇಲೆ ವಿವರ ಹೇಳಿ ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ.

ಹೇಳಬೇಕಾದ ಮೊದಲ ವಿಷಯ ಮುಟ್ಟಿನದು. ಮೊದಲ ತಿಂಗಳುಗಳಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ರಕ್ತ ಕಾಣಿಸಿಕೊಳ್ಳುವುದು, ಕಲೆ ಕಲೆಯಾಗಿ ಹತ್ತಾರು ದಿನ ಮುಂದುವರಿಯುವುದು ಸಾಮಾನ್ಯ. ತೆಳುವಾದ ಒಳಪದರದ ಸೂಕ್ಷ್ಮ ರಕ್ತನಾಳಗಳು ದುರ್ಬಲವಾಗುವುದೇ ಇದಕ್ಕೆ ಕಾರಣ. ಬರಬರುತ್ತಾ ಮುಟ್ಟು ಕಡಿಮೆಯಾಗಿ, ವರ್ಷ ತುಂಬುವಷ್ಟರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನಿಂತೇಹೋಗುತ್ತದೆ. ಆಗ ‘ಕೆಟ್ಟ ರಕ್ತ ಹೊಟ್ಟೆಯಲ್ಲೇ ಕಟ್ಟಿಕೊಂಡಿದೆ’ ಎಂದು ಮನೆಯ ಹಿರಿಯರು ಹೆದರಿಸುತ್ತಾರೆ. ಪದರವೇ ಬೆಳೆಯದಿದ್ದ ಮೇಲೆ ಹೊರಹೋಗಬೇಕಾದದ್ದು ಏನೂ ಇರುವುದಿಲ್ಲ. ಒಳಗೆ ಕಟ್ಟಿಕೊಳ್ಳುವುದೂ ಇಲ್ಲ. ರಕ್ತಹೀನತೆಯಿಂದ ಬಳಲುವವಳಿಗೆ ಮುಟ್ಟು ನಿಲ್ಲುವುದು ಒಳ್ಳೆಯದೇ.

ಆದರೂ ಇದನ್ನು ಸಣ್ಣ ತೊಂದರೆ ಎಂದು ತಳ್ಳಿಹಾಕುವ ವೈದ್ಯರನ್ನು ನಾನು ಒಪ್ಪುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ರಕ್ತ ಕಂಡ ದಿನ ಹೆಂಗಸು ದೇವರ ಕೋಣೆಗೆ ಹೋಗುವಂತಿಲ್ಲ, ನಮಾಜು ಮಾಡುವಂತಿಲ್ಲ. ಕಲೆ ಇಪ್ಪತ್ತು ದಿನ ಕಂಡರೆ ಇಪ್ಪತ್ತು ದಿನವೂ ಅತ್ತೆಗೆ ಉತ್ತರ ಕೊಡಬೇಕು. ಕಟ್ಟಡದ ಕೆಲಸಕ್ಕೆ ಬಂದವಳಿಗೆ ಬಟ್ಟೆ ಬದಲಿಸಲು ಮರೆಯೂ ಇರುವುದಿಲ್ಲ. ಬಹಳ ಮಂದಿ ಮೊದಲೆರಡು ಡೋಸಿಗೇ ಬಿಟ್ಟುಬಿಡುವುದು ಈ ಕಾರಣಕ್ಕೆ. ಹೀಗಾಗುತ್ತದೆ ಎಂದು ಮೊದಲೇ ತಿಳಿದವಳು ಗಾಬರಿಯಾಗುವುದಿಲ್ಲ, ಮುಂದುವರಿಸುವ ಸಂಭವವೂ ಹೆಚ್ಚು. ಸ್ರಾವ ವಿಪರೀತವಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮತ್ತೆ ಗರ್ಭ ನಿಲ್ಲಲು ತಡವಾಗುತ್ತದೆ ಎಂಬುದನ್ನೂ ಹೇಳಬೇಕು. ಕೊನೆಯ ಸೂಜಿಯಿಂದ ಸಾಮಾನ್ಯವಾಗಿ ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆ. ಶಾಶ್ವತ ಬಂಜೆತನ ಬರುವುದಿಲ್ಲ. ಆದರೆ ಮುಂದಿನ ವರ್ಷ ಮಗು ಬೇಕೆನ್ನುವ ಹೊಸ ದಂಪತಿಗೆ ಇದು ಸರಿಯಾದ ಆಯ್ಕೆಯಲ್ಲ. ವರ್ಷಕ್ಕೆ ಒಂದೆರಡು ಕಿಲೋ ತೂಕ ಏರಬಹುದು. ಮೂಳೆಯ ಸಾಂದ್ರತೆ ತುಸು ಇಳಿಯುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಏರುತ್ತದೆ. ಈ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದ್ದರು. ದೀರ್ಘಕಾಲ ಬಳಸಿದವರಲ್ಲಿ ಮಿದುಳ ಪೊರೆಯ ಮೆನಿಂಜಿಯೋಮ ಎಂಬ ಗಡ್ಡೆಯ ಸಂಭವ ಹೆಚ್ಚು ಎಂದು 2024ರಲ್ಲಿ ಫ್ರಾನ್ಸಿನ ಅಧ್ಯಯನವೊಂದು ತೋರಿಸಿತು. ಗಡ್ಡೆ ಅಪರೂಪದ್ದು, ಆದರೆ ವರ್ಷಗಟ್ಟಲೆ ಸೂಜಿ ಹಾಕಿಸಿಕೊಳ್ಳುವವರಿಗೆ ಇದು ತಿಳಿದಿರಬೇಕು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯದ ಕಾಯಿಲೆ, ಅತಿಯಾದ ಬಿಪಿ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಈ ಮದ್ದು ಸಲ್ಲದು. ಎಚ್‌ಐವಿಯಿಂದ ರಕ್ಷಣೆಯೂ ಇದರಿಂದಿಲ್ಲ, ಅದಕ್ಕೆ ಕಾಂಡೋಮ್ ಬೇಕು.

ಇಷ್ಟೆಲ್ಲ ಹೇಳಿಯೂ ಈ ಸೂಜಿ ಬೇಕು ಎಂದೇ ನಾನು ವಾದಿಸುತ್ತೇನೆ. ಹೊತ್ತು ತಪ್ಪದೆ ತೆಗೆದುಕೊಂಡರೆ ವರ್ಷದಲ್ಲಿ ಬಸಿರಾಗುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಇದರಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಲ್ಲದ್ದರಿಂದ ಹೆರಿಗೆಯಾಗಿ ಆರು ವಾರ ಕಳೆದ ಬಾಣಂತಿಗೂ ಕೊಡಬಹುದು, ಹಾಲು ಬತ್ತುವುದಿಲ್ಲ. ಮನೆಯಲ್ಲಿ ಮಾತ್ರೆ ಬಚ್ಚಿಡಲಾಗದವಳಿಗೆ ಇದೊಂದು ಗುಟ್ಟಿನ ಆಸರೆಯೂ ಹೌದು. ಡಿಎಂಪಿಎಗೆ 1993ರಲ್ಲೇ ಅನುಮತಿ ಸಿಕ್ಕಿದ್ದರೂ ಸರ್ಕಾರಿ ಯೋಜನೆಗೆ ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ನಮ್ಮ ಕಡೆಯ ಬಡ ಹೆಂಗಸರಿಗೆ ಕುಟುಂಬ ಯೋಜನೆ ಎಂದರೆ ಹೆಚ್ಚಾಗಿ ಆಪರೇಷನ್ನೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದ ವಿವಾಹಿತೆಯರಲ್ಲಿ ಸುಮಾರು ಶೇ 62, ಕರ್ನಾಟಕದಲ್ಲಿ ಶೇ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ದೇಶದಲ್ಲಿ ಸೂಜಿ ಬಳಸುವವರು ಶೇ 1 ಕೂಡ ಇರಲಿಲ್ಲ. 2022ರ ಆಗಸ್ಟಿನಲ್ಲಿ ಹೈದರಾಬಾದಿನ ಹೊರವಲಯದ ಇಬ್ರಾಹಿಂಪಟ್ನಂನಲ್ಲಿ ಒಂದೇ ದಿನ 34 ಹೆಂಗಸರಿಗೆ ಆಪರೇಷನ್ ಮಾಡಲಾಯಿತು. ಅವರಲ್ಲಿ ನಾಲ್ವರು ತೀರಿಕೊಂಡರು.

ಅಂತರಾ ಹಾಕಿಸಿಕೊಂಡವರಿಗೆ ಒಂದು ಕಾರ್ಡು ಕೊಡುತ್ತಾರೆ, ಮುಂದಿನ ಸೂಜಿಯ ತಾರೀಖು ಅದರಲ್ಲಿರುತ್ತದೆ. ಯಾದಗಿರಿಯಿಂದಲೋ ಕಲಬುರಗಿಯಿಂದಲೋ ಹೈದರಾಬಾದಿಗೆ ದುಡಿಯಲು ಹೋಗುವವರು ಅದನ್ನು ಜೊತೆಗೇ ಒಯ್ಯಬೇಕು. ಅಂತರಾ ಸಿಗುವ ಇನ್ನೊಂದು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಮುಂದುವರಿಸಬಹುದು. ತಾರೀಖಿಗೆ ಎರಡು ವಾರ ಮುಂಚೆ ಹೋದರೂ ನಡೆಯುತ್ತದೆ, ನಾಲ್ಕು ವಾರದವರೆಗೆ ತಡವಾದರೂ ಕೊಡುತ್ತಾರೆ. ಅದಕ್ಕಿಂತ ತಡವಾದರೆ ಗರ್ಭ ನಿಂತಿಲ್ಲವೆಂದು ಪರೀಕ್ಷಿಸಿದ ಮೇಲೆಯೇ ಮುಂದಿನ ಸೂಜಿ. ಬೇಡವೆನಿಸಿದರೆ ಯಾರ ಅನುಮತಿಯನ್ನೂ ಕೇಳದೆ ಬಿಡಬಹುದು. ಮುಂದಿನ ಡೋಸಿಗೆ ಹೋಗದಿದ್ದರಾಯಿತು, ಆದರೆ ಅಷ್ಟರೊಳಗೆ ಬೇರೊಂದು ಉಪಾಯ ಕೈಯಲ್ಲಿರಬೇಕು.