ಮೊಣಕಾಲಿನ ನೋವಿಗೆ ಚಲನೆಯೇ ಉಪಶಮನ

ಮೆಟ್ಟಿಲಿಳಿಯುವಾಗ ಗೋಡೆಯನ್ನು ಹಿಡಿದು, ಒಂದೊಂದು ಪಾವಟಿಗೆಗೂ ನಿಟ್ಟುಸಿರುಬಿಡುವ ಹಿರಿಯರನ್ನು ಕಂಡು, ‘ಇನ್ನು ನಡೆಯಬೇಡಿ, ಸುಮ್ಮನೆ ಕುಳಿತಿರಿ’ ಎಂದು ನಾವು ಪ್ರೀತಿಯಿಂದ ಹೇಳುವ ಮಾತು ಬಹುಮಟ್ಟಿಗೆ ಅವರ ನೋವನ್ನು ಬೆಳೆಸುವಂಥದು. ಕೀಲಿನ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಹೆಜ್ಜೆಯ ಭಾರಕ್ಕೆ ಅದುಮಿಕೊಂಡು, ಭಾರ ತೊಲಗಿದಾಗ ಹಿಗ್ಗುವ ಕ್ರಿಯೆಯಿಂದಲೇ ಅದು ಕೀಲಿನೊಳಗಣ ದ್ರವದಿಂದ ಪೋಷಣೆಯನ್ನು ಹೀರಿಕೊಳ್ಳುತ್ತದೆ.

ಆದುದರಿಂದ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕುಳಿತು, ಒಂದು ಕಾಲನ್ನು ಮೆಲ್ಲನೆ ನೇರವಾಗಿ ಚಾಚಿ, ತೊಡೆಯ ಮುಂಭಾಗದ ಸ್ನಾಯು ಬಿಗಿಯಾದುದನ್ನು ಅಂಗೈಯಿಂದ ಮುಟ್ಟಿ ನೋಡಿ, 5 ಎಣಿಸುವವರೆಗೆ ಹಿಡಿದು, ಅಷ್ಟೇ ನಿಧಾನವಾಗಿ ಇಳಿಸಿರಿ. ಹೀಗೆ 10 ಸಲ, ದಿನಕ್ಕೆ ಎರಡು ಹೊತ್ತು. ಆ ಸ್ನಾಯುವಿಗೆ ಬಲ ಬಂದಂತೆಲ್ಲ ಕೀಲಿಗೆ ಆಧಾರ ದೊರೆಯುತ್ತದೆ.

ಸ್ಥೂಲಕಾಯರಿಗೆ ದೇಹದ ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮೊಣಕಾಲಿನ ಹೊರೆ ಸುಮಾರು 4 ಕಿಲೋದಷ್ಟು ತಗ್ಗುತ್ತದೆ. ಇದಕ್ಕಿಂತ ಭರವಸೆಯ ಮಾತನ್ನು ನಾನರಿಯೆ. ಊರುಗೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಿರಿ. ಮೆಟ್ಟಿಲೇರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ನೋವಿನ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗುವುದು ಜಠರಕ್ಕೂ ಮೂತ್ರಪಿಂಡಕ್ಕೂ ಅಪಾಯಕರ. ಕೀಲು ಕೆಂಪಗೆ ಊದಿ, ಬಿಸಿಯಾಗಿ, ಜ್ವರ ಬಂದರೆ, ಅಥವಾ ಮಡಿಸಿದ ಕಾಲು ಚಾಚಲಾಗದಂತೆ ಸಿಲುಕಿಕೊಂಡರೆ, ವ್ಯಾಯಾಮವನ್ನು ನಿಲ್ಲಿಸಿ ಅಂದೇ ವೈದ್ಯರನ್ನು ಕಾಣತಕ್ಕದ್ದು.